ದೇವರನ್ನು ಹುಡುಕಿದವರಿಗೆ ಸಿಕ್ಕ ರೊಟ್ಟಿ

ನಮ್ಮ ವೆಬ್‌ಸೈಟ್ ಶುರುವಾದ ಮೇಲೆ ಬಂದ ಮೊದಲ ಫೋನು ರೊಟ್ಟಿಗಾಗಿ ಬಂದದ್ದಲ್ಲ. ಯಾರೋ ಹೆಂಗಸು, ಸೋಲಾಪುರದ ಕಡೆಯವರಿರಬೇಕು, ಬರುವ ಸೋಮವಾರ ರುದ್ರಾಭಿಷೇಕ ಮಾಡಿಸಬೇಕು, ಗುಡಿ ಎಷ್ಟು ಗಂಟೆಗೆ ತೆಗೆಯುತ್ತೀರಿ ಎಂದು ಕೇಳಿದರು. ಫೋನು ಎತ್ತಿದವರು ನಮ್ಮ ವೈನಿ. ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು, ಮೊಣಕೈಯಿಂದ ಸ್ಪೀಕರ್ ಒತ್ತಿ ಮಾತಾಡುತ್ತಿದ್ದರು.

"ಇದು ಗುಡಿ ಅಲ್ರಿ, ರೊಟ್ಟಿ ಮಾಡೂ ಮನಿ" ಎಂದರು.

ಆ ಕಡೆಯವರು ಬಿಡಲಿಲ್ಲ. "ಹಂಗಾರ ಪೂಜಾರಿ ನಂಬರ್ ಆದ್ರೂ ಕೊಡ್ರಿ" ಎಂದರು.

ಆ ಶ್ರಾವಣದಲ್ಲಿ ಇಂಥ ಫೋನು ದಿನಕ್ಕೆ ನಾಲ್ಕೈದು ಬಂದವು. ರೊಟ್ಟಿ ಬೇಕು ಅಂದವರು ಒಬ್ಬರೂ ಇಲ್ಲ. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ವೈನಿ ಮಾತ್ರ ಎಲ್ಲರಿಗೂ ಸಮಾಧಾನದಿಂದ ಉತ್ತರ ಕೊಡುತ್ತಿದ್ದರು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಪುಣೆಯ ಹತ್ತಿರ ನಿಗಡಿಯ ನಮ್ಮ ಮನೆಯಲ್ಲಿ ಮೇಲೆ ನಾವು, ಕೆಳಗೆ ಅವರು. ಕೆಳಗಿನ ಹಿಂದಿನ ಎರಡು ಕೋಣೆಗಳಲ್ಲಿ ವೈನಿಯ ರೊಟ್ಟಿ ಕೆಲಸ ನಡೆಯುತ್ತಿತ್ತು. ಆರು ಹಂಚು, ಆರು ಜನ ಹೆಂಗಸರು. ಬೆಳಿಗ್ಗೆ ಏಳಕ್ಕೆ ಬಡಿಯುವ ಸದ್ದು ಶುರುವಾದರೆ ಮಧ್ಯಾಹ್ನದವರೆಗೆ ನಿಲ್ಲುತ್ತಿರಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಇದರಲ್ಲಿ ಮುಕ್ಕಾಲು ಪಾಲು ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಹೋಗುತ್ತಿತ್ತು. ಆ ವರ್ಷ ಬೇಸಿಗೆಯಲ್ಲಿ ಕ್ಯಾಂಟೀನಿನವರು ಯಂತ್ರದ ರೊಟ್ಟಿಗೆ ತಿರುಗಿಕೊಂಡರು. ಒಂದೇ ಅಳತೆ, ಒಂದೇ ದಪ್ಪ, ಒಂದೇ ರುಚಿ, ಅಂದರೆ ರುಚಿಯೇ ಇಲ್ಲ. ಆದರೂ ಅವರಿಗೆ ಅದೇ ಬೇಕಾಯಿತು.

"ದೀಪಾವಳಿ ತನಕಾ ಆರೂ ಹಂಚು ಇಡ್ತೀನ್ರಿ ಕಾಕಾರ" ಎಂದು ವೈನಿ ನನಗೆ ಹೇಳಿದರು. ಮಕ್ಕಳು ನನ್ನನ್ನು ಕಾಕಾ ಅನ್ನುವುದರಿಂದ ಅವರಿಗೂ ನಾನು ಕಾಕಾನೇ. "ಅಷ್ಟರಾಗ ಹೊರಗಿನ ಗಿರಾಕಿ ಬಂದ್ರ ಬಂತು. ಇಲ್ಲಾಂದ್ರ ಈ ಹೆಂಗಸರನ್ನ ನಾ ಯಾವ ಬಾಯಿಲೆ ಇಟಗೊಳ್ಳಲಿ? ಅವರ ಮನಿ ನಡೀಬೇಕಲಾ."

ಹೊರಗಿನ ಗಿರಾಕಿ ಬರಬೇಕಾದರೆ ವೆಬ್‌ಸೈಟ್ ಬೇಕು, ಸರ್ಚ್ ಮಾಡಿದರೆ ನಾವು ಕಾಣಬೇಕು. ಈ ಕೆಲಸ ನನ್ನ ಪಾಲಿಗೆ ಬಂತು. ಬಂತು ಅನ್ನುವುದು ಸುಳ್ಳು, ನಾನೇ ಮೈಮೇಲೆ ಎಳೆದುಕೊಂಡೆ. ಕಚೇರಿಯ ಗುಮಾಸ್ತಗಿರಿಯಿಂದ ನಿವೃತ್ತನಾಗಿ ಒಂದು ವರ್ಷವಾಗಿತ್ತು. ಮೇಲಾಗಿ ಪುಣೆಯ ನಮ್ಮ ಮಂದಿಯಲ್ಲಿ ನಾನು ಬರವಣಿಗೆಯ ಮನುಷ್ಯ ಎಂದು ಹೆಸರಾದವನು. ಮೂವತ್ತು ವರ್ಷದಿಂದ ಯಾರ ಮನೆಯಲ್ಲಿ ಮದುವೆಯಾದರೂ ಲಗ್ನಪತ್ರಿಕೆಯ ಒಕ್ಕಣೆ ನನ್ನದೇ. "ಪರಮಾತ್ಮನ ಅಸೀಮ ಕೃಪೆಯಿಂದಲೂ, ಗುರುಹಿರಿಯರ ಶುಭಾಶೀರ್ವಾದದಿಂದಲೂ" ಎಂದು ಶುರು ಮಾಡಿದೆನೆಂದರೆ ವಧುವಿನ ಹೆಸರು ಬರುವಷ್ಟರಲ್ಲಿ ಓದುವವರಿಗೆ ಒಂದು ಲೋಟ ನೀರು ಬೇಕಾಗುತ್ತಿತ್ತು. ಹಾಗೆ ಇರುವುದೇ ಮರ್ಯಾದೆ ಎಂದು ನಾನು ತಿಳಿದಿದ್ದೆ.

ವೆಬ್‌ಸೈಟನ್ನೂ ಹಾಗೆಯೇ ಬರೆದೆ. ಹೆಸರಿನ ಬಗ್ಗೆ ಚರ್ಚೆಯೇ ಆಗಲಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಜೋಳದ ದಲಾಲಿ ಮಾಡಿ ತಲೆ ನರೆಸಿಕೊಂಡ ಅಣ್ಣನಿಗೆ, ವ್ಯಾಪಾರಕ್ಕೆ ಮನೆದೇವರ ಹೆಸರನ್ನಲ್ಲದೆ ಬೇರೆ ಹೆಸರಿಡಬಹುದು ಎಂಬುದೇ ಹೊಳೆಯುವ ಮಾತಲ್ಲ. ಹೀಗಾಗಿ ಶ್ರೀ ವೀರಭದ್ರೇಶ್ವರ ಗೃಹೋದ್ಯಮ. ಪ್ರತಿ ಪುಟದ ತಲೆಬರಹದಲ್ಲಿ ಮೊದಲು 'ಶ್ರೀ ವೀರಭದ್ರೇಶ್ವರ ಪ್ರಸನ್ನ', ಆಮೇಲೆ ಗೃಹೋದ್ಯಮದ ಪೂರ್ಣ ಹೆಸರು, ಆಮೇಲೆ ಹಿರಿಯರ ಆಶೀರ್ವಾದ. ಅದರ ಕೆಳಗೆ ನಮ್ಮ ಅಜ್ಜನ ಹೆಸರು, ಅಪ್ಪನ ಹೆಸರು, ಅಣ್ಣನ ಹೆಸರು, ಸಣ್ಣ ಅಕ್ಷರದಲ್ಲಿ ನನ್ನ ಹೆಸರು. ರೊಟ್ಟಿ ಬರುತ್ತಿದ್ದದ್ದು ಮೂರನೆಯ ಪ್ಯಾರಾದಲ್ಲಿ, ಅದೂ 'ಉತ್ತರ ಕರ್ನಾಟಕದ ಪರಂಪರಾಗತ ಆಹಾರಪದಾರ್ಥಗಳು' ಎಂಬ ವೇಷದಲ್ಲಿ. ಬರೆದು ಮುಗಿಸಿದ ದಿನ ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಬಹಳ ಚೆನ್ನಾಗಿತ್ತು.

ನಮ್ಮ ಗಚ್ಚಿಯ, ಅಂದರೆ ತಾರಸಿಯ, ಕೋಣೆಯಲ್ಲಿ ಮೈಸೂರು ಕಡೆಯ ಒಬ್ಬ ಹುಡುಗಿ ಬಾಡಿಗೆಗಿದ್ದಳು. ಐಟಿ ಕಂಪನಿಯಲ್ಲಿ ಕೆಲಸ. ಗುಡಿ ವಿಚಾರಿಸುವ ಫೋನುಗಳಿಂದ ಬೇಸತ್ತು ಒಂದು ಭಾನುವಾರ ಅವಳಿಗೆ ಪುಟ ತೋರಿಸಿದೆ. ಅವಳು ಬೆರಳಿಂದ ಮೇಲಕ್ಕೆ ಕೆಳಕ್ಕೆ ಸರಿಸಿದಳು.

"ಅಂಕಲ್, ಇದು ವೆಬ್‌ಸೈಟಾ, ಮದುವೆ ಇನ್ವಿಟೇಶನ್ನಾ?"

ನನಗೆ ಸಿಟ್ಟು ಬಂತು. ಅವಳಿಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೋ, ಮುಂದುವರಿಸಿದಳು. "ಸರ್ಚ್ ಮಾಡ್ದಾಗ ಹೆಡಿಂಗ್‌ದು ಮೊದಲ್ನೇ ಸಾಲು ಅಷ್ಟೇ ಕಾಣ್ಸೋದು ಅಂಕಲ್. ನಿಮ್ಮ ಮೊದಲ್ನೇ ಸಾಲಲ್ಲಿ ಬರೀ ದೇವ್ರೇ ಇದಾರೆ. ಅದಕ್ಕೆ ದೇವಸ್ಥಾನ ಹುಡುಕೋರಿಗೆಲ್ಲ ನಿಮ್ಮನ್ನ ತೋರಿಸ್ತಾ ಇದೆ. ರೊಟ್ಟಿ ಅನ್ನೋ ಪದ ಎಲ್ಲಿದೆ ಹೇಳಿ? ಜನ ಏನಂತ ಟೈಪ್ ಮಾಡ್ತಾರೋ ಅದು ಫಸ್ಟ್ ಬರಬೇಕು. ಮರಾಠಿಯಲ್ಲೂ ಇರಬೇಕು, ಇಂಗ್ಲಿಷಲ್ಲೂ ಇರಬೇಕು."

ಅವಳು ಹೇಳಿದ್ದು ಇಷ್ಟೇ. ಅರ್ಧ ಗಂಟೆಯ ಕೆಲಸ. ಅದನ್ನು ಮಾಡಲು ನನಗೆ ಮೂರು ತಿಂಗಳು ಹಿಡಿಯಿತು.

ಮೊದಲ ಅಡ್ಡಗಾಲು ಅಣ್ಣನದು. "ದೇವರ ಹೆಸರಿಲ್ಲದ ಅಂಗಡಿ ಎಲ್ಲಿ ನೋಡಿಯೋ ನೀ? ಮಾರ್ಕೆಟ್ ಯಾರ್ಡಿನ್ಯಾಗ ಒಂದರ ತೋರ್ಸು" ಎಂದ. ಹೆಸರು ತೆಗೆಯುವುದಿಲ್ಲ, ತಲೆಬರಹದಿಂದ ಕೆಳಗೆ ಇಳಿಸುವುದಷ್ಟೇ ಎಂದೆ. "ದೇವರನ್ನ ಕೆಳಗ ಇಳಸ್ತೀಯಾ?" ಎಂದು ಗಂಟು ಬಿದ್ದ. ಮೇಲಾಗಿ ಅವನ ಪ್ರಕಾರ ತೊಂದರೆಯೇ ಇರಲಿಲ್ಲ. "ಇಲ್ಲೆ ನೋಡು, ನನ್ನ ಮೊಬೈಲಿನ್ಯಾಗ ನಾವ ಮೊದಲ ಬರ್ತೀವಿ" ಎಂದು ಮುಖಕ್ಕೆ ಹಿಡಿದ. ಬಾರದೆ ಏನು ಮಾಡೀತು? ದಿನಾ ಬೆಳಿಗ್ಗೆ ಚಹಾ ಕುಡಿಯುವಾಗ, ಸಂಜೆ ನಡೆದು ಬಂದ ಮೇಲೆ, ಗೃಹೋದ್ಯಮದ ಪೂರ್ಣ ಹೆಸರು ಬರೆದು, ಊರ ಹೆಸರು ಬರೆದು, ನಿಗಡಿ ಎಂದೂ ಸೇರಿಸಿ ಹುಡುಕುತ್ತಿದ್ದ. ಅಷ್ಟೆಲ್ಲ ಹೇಳಿದ ಮೇಲೆ ಎಂಥ ದಡ್ಡ ಯಂತ್ರವಾದರೂ ಹುಡುಕಿಕೊಡುತ್ತದೆ. ಅಷ್ಟಕ್ಕೇ ಬಿಡಲಿಲ್ಲ. ಯಾರ್ಡಿನ ತನ್ನ ಗೆಳೆಯರಿಗೆಲ್ಲ ಫೋನು ಮಾಡಿ ಹಾಗೆಯೇ ಹುಡುಕಿಸಿದ. ಅವರೂ ಹುಡುಕಿ, "ಹೌದಪಾ, ಒಂದನೇ ನಂಬರ್" ಎಂದು ಅಭಿನಂದನೆ ಹೇಳಿದರು. ಒಬ್ಬರಾದರೂ ಒಂದು ರೊಟ್ಟಿ ತರಿಸಲಿಲ್ಲ. ತರಿಸುವುದಾದರೆ ಅವರು ಹುಡುಕುವುದಿಲ್ಲ, ಅಣ್ಣನಿಗೆ ಹೇಳಿ ಕಳಿಸುತ್ತಾರೆ. ಎಂದೂ ಹುಡುಕುವ ಅಗತ್ಯವಿಲ್ಲದವರ ಮೊಬೈಲಿನಲ್ಲೆಲ್ಲ ನಾವು ಮೊದಲಿಗರು.

ಅಣ್ಣನನ್ನು ದೂರಿ ನಾನು ಸಾಚಾ ಆಗುವಂತಿಲ್ಲ. ದೇವರ ಹೆಸರನ್ನು ಮುಂದೆ ಮಾಡಿ ನಾನು ಕಾಪಾಡುತ್ತಿದ್ದದ್ದು ನನ್ನ ಒಕ್ಕಣೆಯನ್ನು. ರೊಟ್ಟಿಗೆ ಮರಾಠಿಯವರು ಅನ್ನುವಂತೆ 'ಕಡಕ್ ಭಾಕರಿ ನಿಗಡಿ' ಎಂದು ಎರಡು ಮೂರು ಬೋಳು ಪದ ಬರೆಯಲು ಕೈ ಏಳಲಿಲ್ಲ. ಇಪ್ಪತ್ತು ವರ್ಷದ ಹುಡುಗಿ ಬಂದು ನನ್ನ ಬರವಣಿಗೆ ತಿದ್ದುವುದೆ ಎಂಬ ಕಿಚ್ಚು ಬೇರೆ.

ಭಾದ್ರಪದದಲ್ಲಿ, ಅವಳ ಮಾತು ಕೇಳುವುದಕ್ಕಿಂತ ದೊಡ್ಡವರನ್ನು ಕೇಳುವುದು ಮೇಲೆಂದು, ಪುಣೆಯ ಕ್ಯಾಂಪ್ ಭಾಗದಲ್ಲಿ ಒಬ್ಬ ವೆಬ್‌ಸೈಟ್ ತಜ್ಞನ ಹತ್ತಿರ ಹೋದೆ. ಹಳೆಯ ಕಟ್ಟಡ, ಕಟ್ಟಿಗೆಯ ಮೆಟ್ಟಿಲು, ಮೇಲೆ ಎಸಿ ಹಾಕಿದ ಕೋಣೆ. ಏಳು ದಿನದಲ್ಲಿ ಮೊದಲ ಪುಟಕ್ಕೆ ತರುತ್ತೇನೆ ಎಂದು ಹಿಂದಿಯಲ್ಲಿ ಭರವಸೆ ಕೊಟ್ಟ. ನನ್ನ ಒಕ್ಕಣೆಯನ್ನು ಮುಟ್ಟುವ ಅಗತ್ಯವಿಲ್ಲ ಎಂದ. ಆ ಒಂದು ಮಾತಿಗೆ ನಾನು ಸೋತೆ. ಏಳು ದಿನವಲ್ಲ, ಇಪ್ಪತ್ತು ದಿನವಾದರೂ ನಾವು ಎಲ್ಲೂ ಕಾಣಲಿಲ್ಲ. ಗುಡಿ ಕೇಳುವವರ ಫೋನು ಕೂಡ ನಿಂತುಹೋಯಿತು. ಮತ್ತೆ ಗಚ್ಚಿಯ ಹುಡುಗಿಯೇ ಬಂದಳು. ಪುಟದ ಕೊನೆಯ ಖಾಲಿ ಜಾಗದ ಮೇಲೆ ಮೌಸ್ ಎಳೆದಳು. ಬಿಳಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳು ಎದ್ದು ನಿಂತವು: ರೋಟಿ, ಬೆಸ್ಟ್ ರೋಟಿ, ಪುಣೆ ರೋಟಿ, ತಂದೂರಿ ರೋಟಿ, ರೋಟಿ, ರೋಟಿ, ರೋಟಿ.

"ಹಿಂಗೆ ಬಚ್ಚಿಟ್ಟು ತುಂಬಿದ್ರೆ ಮೋಸ ಅಂತ ಸರ್ಚ್ ಇಂಜಿನ್‌ಗೆ ಗೊತ್ತಾಗಿ ಸೈಟನ್ನೇ ಕೆಳಗೆ ಹಾಕ್ಬಿಡುತ್ತೆ ಅಂಕಲ್" ಎಂದಳು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಆ ಬಿಳಿ ಅಕ್ಷರಗಳನ್ನು ತಾನೇ ಅಳಿಸಿಕೊಟ್ಟು ಹೋದಳು. ಅಲ್ಲಿಗೆ ಅಷ್ಟು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಇಷ್ಟರಲ್ಲಿ ಕೆಳಗೆ ಹಂಚುಗಳು ಆರತೊಡಗಿದ್ದವು. ದಸರೆಗೆ ಮುಂಚೆ ಇಬ್ಬರು ಬೇರೆ ಕಡೆ ಕೆಲಸ ಹಿಡಿದರು. ಉಳಿದವರಿಗೂ ಹನ್ನೊಂದು ಗಂಟೆಗೆಲ್ಲ ಕೆಲಸ ಮುಗಿದುಬಿಡುತ್ತಿತ್ತು. ಕೈ ತೊಳೆದುಕೊಂಡು, ಹೋಗಲು ಮನಸ್ಸಿಲ್ಲದೆ, ಹಿಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನಾನು ಆ ದಾರಿಯಲ್ಲಿ ಹೋದರೆ ಮಾತು ನಿಲ್ಲಿಸುತ್ತಿದ್ದರು. ದೀಪಾವಳಿಯ ಹಿಂದಿನ ವಾರ ಮೊದಲನೆಯ ಹಂಚಿನ ಮಾವಶಿಯೂ ಬಿಟ್ಟಳು. ಕೆಲಸದ ಹೆಂಗಸರಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುವುದು ಪುಣೆಯ ರೂಢಿ, ನಾವೂ ಆರೂ ಜನರಿಗೆ ಹಾಗೆಯೇ ಅನ್ನುತ್ತಿದ್ದೆವು. ಈಕೆ ಇಂಡಿ ತಾಲ್ಲೂಕಿನ ಕಡೆಯವಳು, ಹನ್ನೊಂದು ವರ್ಷದಿಂದ ಇದ್ದವಳು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳ್ಳಗೆ ಬಡಿಯುತ್ತಿದ್ದಳು. ಉಳಿದ ಐದೂ ಜನ ಕಲಿತದ್ದು ಇವಳಿಂದಲೇ. ವೈನಿಯೇ ಅವಳಿಗೆ, "ಬ್ಯಾರೆ ಕಡೆ ಸಿಕ್ರ ಹೋಗವಾ, ನನ್ನ ನೆಚ್ಚಿ ಕೂಡಬ್ಯಾಡ" ಎಂದಿದ್ದರಂತೆ. ಅವಳು ಹೋದ ದಿನ ವೈನಿ ಊಟ ಮಾಡಲಿಲ್ಲ.

ಮಾರನೆಯ ದಿನ ವೈನಿ ಅಣ್ಣನನ್ನೂ ನನ್ನನ್ನೂ ಕರೆದು ಕೂರಿಸಿದರು. ಕೈಯಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಗಳಿದ್ದವು. ಹಾಳೆಯ ಹಿಂದೆ ಅವರ ದುಂಡು ಅಕ್ಷರ. ಗುಡಿ ಕೇಳಿ ಫೋನು ಮಾಡಿದವರನ್ನು ನಾನು ಶಪಿಸುತ್ತಿದ್ದಾಗ ವೈನಿ ಅವರನ್ನೇ ಮಾತಿಗೆಳೆದಿದ್ದರು. ನೀವು ಜೋಳದ ರೊಟ್ಟಿ ತಿನ್ನುತ್ತೀರಾ? ಅದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ? ಯಾವಾಗ ಕೊಳ್ಳುತ್ತೀರಿ? ಎಲ್ಲಾ ಬರೆದಿಟ್ಟಿದ್ದರು: ಕಡಕ್ ಭಾಕರಿ. ಜ್ವಾರೀಚಿ ಪಾತಳ ಭಾಕರಿ, ಅಂದರೆ ಜೋಳದ ತೆಳು ರೊಟ್ಟಿ. ಪ್ರಯಾಣಕ್ಕೆ ಕೆಡದಿರುವ ಭಾಕರಿ. ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ಭಾಕರಿ. ಕೈಲೆ ಬಡಿದದ್ದು, ಯಂತ್ರದ್ದಲ್ಲ.

"ಇದನ್ನ ಹಿಂಗ ಇದ್ದದ್ದು ಇದ್ದಂಗ ಮ್ಯಾಲೆ ಹಾಕ್ರಿ ಕಾಕಾರ."

ಅಣ್ಣ ಬಾಯಿ ತೆಗೆದ. ವೈನಿ ಅವನ ಕಡೆ ತಿರುಗಿದರು. "ದೇವರಿಗೆ ನಮ್ಮ ಮನಿ ಗೊತ್ತದ. ಗಿರಾಕಿಗೆ ಗೊತ್ತಿಲ್ಲ. ದೇವರು ದೇವರಮನಿ ಜಗಲಿ ಮ್ಯಾಲೆ ಅದಾನ, ಅಲ್ಲೇ ಇರಲಿ. ಬಾಗಲದಾಗ ನಿಂತು ಗಿರಾಕಿ ಕರಿಯೂ ಕೆಲಸ ಅವಂಗ ಹಚ್ಚಬ್ಯಾಡ್ರಿ."

ಅಣ್ಣ ವೈನಿಯ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ನನ್ನ ಕೈಗೆ ಕೊಟ್ಟ.

ಆ ಸಂಜೆಯೇ ಗಚ್ಚಿಯ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಾ ಅಳಿಸಿದೆ. ಆಶೀರ್ವಾದ ಹೋಯಿತು, ಕೃಪೆ ಹೋಯಿತು, ಪರಂಪರಾಗತ ಆಹಾರಪದಾರ್ಥ ಹೋಯಿತು. ತಲೆಬರಹದಲ್ಲಿ ಮರಾಠಿಯಲ್ಲಿ ಭಾಕರಿ, ಕನ್ನಡದಲ್ಲಿ ರೊಟ್ಟಿ, ಇಂಗ್ಲಿಷಿನಲ್ಲೂ ಅದೇ, ಜೊತೆಗೆ ನಿಗಡಿ. ಒಂದೊಂದು ತಿನಿಸಿಗೆ ಒಂದೊಂದು ಪುಟ. ಹಂಚಿನ ಮೇಲೆ ರೊಟ್ಟಿ ಉಬ್ಬುವ ಫೋಟೊ, ಅದರ ಕೆಳಗೆ ಅದು ಏನೆಂದು ಎರಡೇ ಮಾತು. ದೇವರ ಹೆಸರು ಕೊನೆಯಲ್ಲಿ, ವಿಳಾಸದ ಜೊತೆಗೆ. ಓದಿದರೆ ಕಿರಾಣಿ ಅಂಗಡಿಯ ಚೀಟಿಯಂತಿತ್ತು.

"ಇವತ್ತು ಹಾಕಿದ್ರೆ ನಾಳೆ ಬರಲ್ಲ ಅಂಕಲ್. ಎರಡು ತಿಂಗಳಾದ್ರೂ ಬೇಕು" ಎಂದಳು ಹುಡುಗಿ. ಶ್ರಾವಣದಲ್ಲೇ ಮಾಡಿದ್ದರೆ ಆ ಎರಡು ತಿಂಗಳು ದೀಪಾವಳಿಗೆ ಮುಗಿದಿರುತ್ತಿತ್ತು. ಅವಳು ಹಾಗೆ ಹೇಳಲಿಲ್ಲ. ಆದರೆ ನನಗೆ ಎಣಿಸಲು ಬರುತ್ತದೆ.

ಜನವರಿಯ ಮೊದಲ ವಾರ ನಾವು ಮೊದಲ ಪುಟಕ್ಕೆ ಬಂದೆವು. ಅಣ್ಣನ ಮೊಬೈಲಿನಲ್ಲಿ ಅಲ್ಲ, ತರಕಾರಿ ಅಂಗಡಿಯವನ ಮೊಬೈಲಿನಲ್ಲಿ. ನಾನೇ ಅವನಿಂದ ಹುಡುಕಿಸಿದ್ದೆ. ಸಂಕ್ರಾಂತಿಯ ಹಿಂದಿನ ದಿನ ಭೋಗಿ, ಅಂದು ಮರಾಠಿ ಮನೆಗಳಲ್ಲಿ ಎಳ್ಳಿನ ಭಾಕರಿ ಆಗಲೇಬೇಕು. ಆದರೆ ಬಡಿಯಲು ಯಾರ ಕೈಗೂ ಬರುವುದಿಲ್ಲ. ಫೋನು ಒಂದೇ ಸಮನೆ ಬರತೊಡಗಿತು. ಒಂದು ಆಫೀಸಿನವರು ಒಂದೇ ಸಲಕ್ಕೆ ಎಂಟುನೂರು ಕೇಳಿದರು, ಚೆನ್ನಾಗಿದ್ದರೆ ವಾರ ವಾರ ಬೇಕು ಎಂದರು. ವೈನಿ ನನ್ನ ಮುಖ ನೋಡಿದರು. ಆಗ ಉರಿಯುತ್ತಿದ್ದದ್ದು ಮೂರು ಹಂಚು.

"ಮೊದಲ ಹಂಚಿನಾಕಿ ಬಂದ್ರ ಹಿಡೀಬಹುದ್ರಿ. ಆಕಿ ಬಂದ್ರ ಉಳದವ್ರೂ ಬರ್ತಾರ" ಎಂದರು.

ನಾನೇ ಹೋಗಿ ಕರೆತರುತ್ತೇನೆ ಎಂದು ಹೊರಟೆ. ಆ ಮೂರು ತಿಂಗಳ ತಪ್ಪಿಗೆ ಅಷ್ಟಾದರೂ ಮಾಡಬೇಕೆನಿಸಿತ್ತು. ಆಕುರ್ಡಿ ಸ್ಟೇಷನ್ನಿನ ಹಿಂದಿನ ವಸತಿ ಎಂದು ವೈನಿ ಹೇಳಿದ್ದರು, ನಾನು ಅಷ್ಟೇ ಕೇಳಿಸಿಕೊಂಡು ಸ್ಕೂಟರ್ ಹತ್ತಿದ್ದೆ. ಹೋಗಿ ನೋಡಿದರೆ ಸಾಲು ಸಾಲು ಓಣಿಗಳು, ಒಂದಕ್ಕೊಂದು ತಾಗಿದ ತಗಡಿನ ಮನೆಗಳು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರನ್ನು ಕೇಳಿದೆ, ರೊಟ್ಟಿ ಬಡಿಯುವ ಮಾವಶಿಯ ಮನೆ ಎಲ್ಲಿ ಎಂದು.

"ಕೋಣತಿ ಮಾವಶಿ?" ಎಂದರು. "ನಾವ್ ಕಾಯ್?"

ಯಾವ ಮಾವಶಿ, ಹೆಸರೇನು ಎಂದು ಕೇಳುತ್ತಿದ್ದರು. ನನಗೆ ಹೆಸರು ಗೊತ್ತಿರಲಿಲ್ಲ. ಹನ್ನೊಂದು ವರ್ಷ ನನ್ನ ಮನೆಯ ಕೆಳಗೆ ದಿನಾ ಬೆಳಿಗ್ಗೆ ಅವಳ ಅಂಗೈಯ ಸದ್ದಿಗೆ ಎದ್ದವನು ನಾನು. ಕೆಂಪು ಸೀರೆ ಉಡುತ್ತಾಳೆ ಎಂದೆ. ಇಂಡಿಯ ಕಡೆಯವಳು ಎಂದೆ. ಬಹಳ ತೆಳ್ಳಗೆ ಬಡಿಯುತ್ತಾಳೆ ಎಂದೆ. ಒಬ್ಬಾಕೆ ನಕ್ಕು, ಇಲ್ಲಿ ಎಲ್ಲರೂ ಭಾಕರಿ ಬಡಿಯುತ್ತಾರೆ ಎಂದಳು. ಬೆವರು ಒರೆಸಿಕೊಂಡು ವೈನಿಗೆ ಫೋನು ಮಾಡಿದೆ.

"ಆಕಿ ಹೆಸರ ಏನ್ರಿ ವೈನಿ?"

"ನಿಮಗ ಗೊತ್ತಿಲ್ಲೇನ್ರಿ?" ಎಂದು ವೈನಿ ಕೇಳಿ, ಆಮೇಲೆ ಹೇಳಿದರು. ಆ ಹೆಸರನ್ನು ನಾನು ಹೇಳಿದ್ದೇ ತಡ, ನಲ್ಲಿಯ ಹತ್ತಿರ ಇದ್ದವರೆಲ್ಲ ಒಟ್ಟಿಗೆ ಕೈ ಮಾಡಿ ಮನೆ ತೋರಿಸಿದರು.

ಅವಳು ಆಗಷ್ಟೇ ಕೆಲಸದಿಂದ ಬಂದಿದ್ದಳು. ಒಂದು ದೊಡ್ಡ ಆಫೀಸಿನಲ್ಲಿ ಕಸ ಗುಡಿಸಿ ಒರೆಸುವ ಕೆಲಸ. ನನ್ನನ್ನು ನೋಡಿ ಗಾಬರಿಯಾಗಿ, ಇದ್ದ ಒಂದೇ ಕುರ್ಚಿ ಹಾಕಿದಳು. ನಾನು ಎಲ್ಲಾ ಹೇಳಿದೆ. ಮೊದಲ ಪುಟ, ಭೋಗಿ, ಎಂಟುನೂರು ರೊಟ್ಟಿ, ಇನ್ನು ಮುಂದೆ ಕೆಲಸ ತಪ್ಪುವುದಿಲ್ಲ ಎಂಬುದು. ಅವಳು ಪೂರ್ತಿ ಕೇಳಿದಳು.

"ಭಾಳ ಚಲೋ ಆತ್ರಿ ಕಾಕಾರ. ಬಾಯಾರ ಕಷ್ಟ ತೀರಿತು" ಎಂದಳು, ವೈನಿಯನ್ನು ಕುರಿತು. "ಆದ್ರ ನನಗ ಬರೂದ ಆಗೂದಿಲ್ರಿ."

ಅಲ್ಲಿ ಹೆಚ್ಚು ಕೊಡುತ್ತಾರೇನು ಎಂದು ಕೇಳಿದೆ.

"ಹೆಚ್ಚೇನಿಲ್ರಿ, ಅಷ್ಟ." ಗೋಡೆಯ ಮೊಳೆಗೆ ನೇತುಹಾಕಿದ್ದ ಒಂದು ನೀಲಿ ಪಟ್ಟಿಯನ್ನು ತೆಗೆದು, ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ಅದರ ತುದಿಗೆ ಕಾರ್ಡು. ಅವಳ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ಅವಳ ಹೆಸರು, ಗಂಡನ ಹೆಸರು, ಅಡ್ಡಹೆಸರು. "ಗೇಟಿನ್ಯಾಗ ಇದನ್ನ ನೋಡಿ ಹೆಸರ ಹಿಡದು ಕರೀತಾರ್ರಿ. ಸಣ್ಣ ಸಣ್ಣ ಹುಡುಗ್ರು ಸೈತ ಹೆಸರಿನ ಮುಂದ ತಾಈ, ಅಕ್ಕಾ ಅಂತ ಹಚ್ಚಿ ಮಾತಾಡಸ್ತಾರ. ನನಗ ಮೊದಮೊದಲ ತಿರುಗಿ ನೋಡೂದ ತಿಳೀತಿದ್ದಿಲ್ಲ. ಈಗ ರೂಢಿ ಆಗ್ಯದ."

ಕಾರ್ಡನ್ನು ಹಿಂದಿರುಗಿಸಿದೆ. ಅವಳು ಅದನ್ನು ಮತ್ತೆ ಮೊಳೆಗೆ ಹಾಕಿ, ಚಹಾಕ್ಕೆ ನೀರಿಟ್ಟಳು. ಬೇಡ ಎನ್ನಲು ನನಗೆ ಮುಖವಿರಲಿಲ್ಲ, ಕುಡಿದೆ.

ಮನೆಗೆ ಬಂದಾಗ ವೈನಿ ಬಾಗಿಲಲ್ಲೇ ನಿಂತಿದ್ದರು. ಬರುವುದಿಲ್ಲವಂತೆ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಒಳಗೆ ಹೋಗಿ ಆಫೀಸಿನವರಿಗೆ ಫೋನು ಮಾಡಿ, ಎಂಟುನೂರು ಆಗುವುದಿಲ್ಲ, ಮುನ್ನೂರು ಕೊಡುತ್ತೇವೆ ಎಂದು ಮರಾಠಿಯಲ್ಲಿ ಹೇಳಿದರು. ನಾನು ಮೇಲೆ ಹೋಗಿ ಕಂಪ್ಯೂಟರ್ ಹಚ್ಚಿದೆ. ರೊಟ್ಟಿಯ ಪುಟದಲ್ಲಿ, ಫೋಟೊದ ಕೆಳಗೆ, ಬಡಿದವರು ಯಾರು ಎಂದು ಬರೆಯಬೇಕೆಂದುಕೊಂಡೆ. ಸರ್ಚಿಗೆ ಅದರಿಂದ ಏನೂ ಉಪಯೋಗವಿಲ್ಲ, ಅದು ನನಗೆ ಗೊತ್ತಿತ್ತು. ಉಳಿದ ಮೂವರ ಹೆಸರು ಕೇಳಲು ಕೆಳಗೆ ಇಳಿದು ಹೋದೆ.